ನಂಟು ಬೇಕು, ಅಂಟು ಬೇಡ

ಈ ಅಂಕಣ ಶುರುವಾದ ಮೇಲೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ. ಚಾರ್ಜಿಂಗ್‌ಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈಮೇಲೆ ಬೆರಳು ಸವರಿದರೆ ಜುಮು ಜುಮು ಅನ್ನುತ್ತದೆ. ಟೆಸ್ಟರ್ ಇಟ್ಟರೆ ಅದರ ದೀಪ ಮಂಕಾಗಿ ಉರಿಯುತ್ತದೆ. ಇದು ಕರೆಂಟೇ? ಮಕ್ಕಳು ಮುಟ್ಟಿದರೆ ಏನಾದರೂ ಆದೀತೇ?

ಮೊದಲ ಪ್ರಶ್ನೆಗೆ ಉತ್ತರ: ಹೌದು, ಕರೆಂಟೇ. ಎರಡನೆಯದಕ್ಕೆ ಉತ್ತರ: ಅಡಾಪ್ಟರನ್ನು ನ್ಯಾಯವಾಗಿ ಮಾಡಿದ್ದರೆ ಇಲ್ಲ. ಈ ‘ನ್ಯಾಯವಾಗಿ’ ಅನ್ನುವ ಮಾತಿನ ಅರ್ಥ ಬಿಡಿಸಿ ಹೇಳಬೇಕಾದರೆ ಅಡಾಪ್ಟರಿನ ಒಳಗೆ ಕೂತಿರುವ ಒಂದು ಪುಟ್ಟ ಬಿಡಿಭಾಗದ ಪರಿಚಯ ಮಾಡಿಕೊಡಬೇಕು. ಕಡಲೆಕಾಳಿನಷ್ಟು ಗಾತ್ರ, ನಾಲ್ಕು ಕಾಲು, ಕಪ್ಪು ಅಥವಾ ಬಿಳಿ ಪ್ಲಾಸ್ಟಿಕ್ ಮೈ. ಹೆಸರು ಆಪ್ಟೋಕಪ್ಲರ್. ಆಪ್ಟೋ ಐಸೋಲೇಟರ್ ಅಂತಲೂ ಕರೆಯುತ್ತಾರೆ. ರಿಪೇರಿ ಅಂಗಡಿಗಳಲ್ಲಿ ಬರೀ ‘ಆಪ್ಟೋ’. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚೀ ಸ್ಟ್ರೀಟ್, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್, ಹೈದರಾಬಾದಿನ ಕೋಠಿ, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್, ಎಲ್ಲಿ ಕೇಳಿದರೂ ಹತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕೈಗಾರಿಕಾ ಕಂಟ್ರೋಲ್ ಬೋರ್ಡುಗಳನ್ನು ವಿನ್ಯಾಸ ಮಾಡುವ ನನ್ನ ಕೆಲಸದಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ದೊಡ್ಡ ಜವಾಬ್ದಾರಿ ಹೊರುವ ಇನ್ನೊಂದು ಬಿಡಿಭಾಗವನ್ನು ನಾನು ನೋಡಿಲ್ಲ.

ಗೋಡೆಯ ಪ್ಲಗ್‌ನಿಂದಲೇ ಶುರು ಮಾಡೋಣ. ಅಲ್ಲಿರುವುದು 230 ವೋಲ್ಟ್ ಎಸಿ. 230 ಅನ್ನುವುದು ಒಂದು ಬಗೆಯ ಸರಾಸರಿ ಲೆಕ್ಕ. ಅಲೆಯ ತುದಿಯಲ್ಲಿ ಅದು 325 ವೋಲ್ಟ್ ಮುಟ್ಟುತ್ತದೆ. ಚಾರ್ಜರ್ ಮಾಡುವ ಮೊದಲ ಕೆಲಸ ಈ ಎಸಿಯನ್ನು ಡಿಸಿ ಮಾಡಿ ಒಂದು ಕೆಪಾಸಿಟರಿನಲ್ಲಿ ತುಂಬಿಡುವುದು. ಅಂದರೆ ನಿಮ್ಮ ಅಂಗೈಯಲ್ಲಿ ಹಿಡಿಸುವ ಆ ಡಬ್ಬಿಯ ಅರ್ಧ ಭಾಗದಲ್ಲಿ 325 ವೋಲ್ಟ್ ಕೂತಿರುತ್ತದೆ. ಇನ್ನರ್ಧ ಭಾಗದಲ್ಲಿ ಇರುವುದು 5 ವೋಲ್ಟೋ 20 ವೋಲ್ಟೋ ಅಷ್ಟೇ. ಅಲ್ಲಿಂದ ಹೊರಟ ಕೇಬಲ್ ನಮ್ಮ ಫೋನಿಗೆ, ಕಿವಿಯ ಇಯರ್‌ಫೋನಿಗೆ, ಹಾಸಿಗೆಯ ಮೇಲೆ ಮಗುವಿನ ಕೈಯಲ್ಲಿರುವ ಟ್ಯಾಬಿಗೆ ಬರುತ್ತದೆ.

ನಮ್ಮ ಕಸುಬಿನವರು ಮೊದಲ ಭಾಗವನ್ನು ಬಿಸಿ ಬದಿ, ಎರಡನೆಯದನ್ನು ತಣ್ಣನೆ ಬದಿ ಅನ್ನುತ್ತಾರೆ. ಎರಡರ ನಡುವೆ ಬೋರ್ಡಿನ ಮೇಲೆ ತಾಮ್ರದ ಒಂದು ಗೆರೆಯೂ ದಾಟದ ಬೋಳು ಪಟ್ಟಿ ಇರುತ್ತದೆ. ಇದು ಗಡಿ. ಶಕ್ತಿ ಈ ಗಡಿಯನ್ನು ದಾಟುವುದು ಟ್ರಾನ್ಸ್‌ಫಾರ್ಮರಿನ ಮೂಲಕ, ಕಾಂತಕ್ಷೇತ್ರವಾಗಿ. ಎರಡು ಸುರುಳಿಗಳು ಒಂದನ್ನೊಂದು ಮುಟ್ಟದೆ ಶಕ್ತಿಯನ್ನು ಕೈ ದಾಟಿಸುತ್ತವೆ. ಇಷ್ಟೇ ಆಗಿದ್ದರೆ ಆಪ್ಟೋ ಬೇಕಾಗುತ್ತಿರಲಿಲ್ಲ.

ತೊಡಕು ಇರುವುದು ವಾಪಸ್ ಬರಬೇಕಾದ ಸುದ್ದಿಯಲ್ಲಿ. ಫೋನಿನ ಬ್ಯಾಟರಿ ಖಾಲಿಯಿದ್ದಾಗ ಹೆಚ್ಚು ಕರೆಂಟ್ ಎಳೆಯುತ್ತದೆ, ತುಂಬಿದಾಗ ಕಡಿಮೆ. ಆದರೂ ವೋಲ್ಟೇಜು 5 ಅಂದರೆ 5ಕ್ಕೇ ನಿಲ್ಲಬೇಕು. ಶಕ್ತಿಯ ನಲ್ಲಿಯನ್ನು ತಿರುಗಿಸುವ ಐಸಿ ಬಿಸಿ ಬದಿಯಲ್ಲಿದೆ. ನೀರು ಎಷ್ಟು ಬಂತು ಅಂತ ಗೊತ್ತಾಗುವುದು ತಣ್ಣನೆ ಬದಿಯಲ್ಲಿ. ‘ಸಾಕು, ಕಡಿಮೆ ಮಾಡು’ ಅಂತ ಹೇಳಲು ಒಂದು ತಂತಿ ಎಳೆದರೆ ಸಾಕು, ಆದರೆ ಆ ತಂತಿಯಲ್ಲೇ 325 ವೋಲ್ಟ್ ಮಗುವಿನ ಕೈವರೆಗೆ ನಡೆದು ಬರುತ್ತದೆ. ಸುದ್ದಿ ದಾಟಬೇಕು, ಕರೆಂಟ್ ದಾಟಬಾರದು. ನಂಟು ಬೇಕು, ಅಂಟು ಬೇಡ.

ಇದಕ್ಕೆ ಪರಿಹಾರ ನಮಗೆಲ್ಲ ರೈಲು ನಿಲ್ದಾಣದಲ್ಲಿ ಕಂಡು ಗೊತ್ತಿದೆ. ಊರಿಗೆ ಹೊರಟ ರೈಲಿನ ಕೊನೆಯ ಡಬ್ಬಿಯಿಂದ ಗಾರ್ಡ್ ಹಸಿರು ದೀಪ ತೋರಿಸುತ್ತಾರೆ, ಇಪ್ಪತ್ತು ಡಬ್ಬಿ ಆಚೆಗಿರುವ ಚಾಲಕರು ಅದನ್ನು ನೋಡಿ ಗಾಡಿ ಬಿಡುತ್ತಾರೆ. ಒಬ್ಬರ ಕೈ ಇನ್ನೊಬ್ಬರಿಗೆ ತಾಗಲಿಲ್ಲ, ಸುದ್ದಿ ಮಾತ್ರ ತಲುಪಿತು. ಆಪ್ಟೋಕಪ್ಲರ್ ಅಂದರೆ ಈ ಗಾರ್ಡು, ಈ ಚಾಲಕ ಇಬ್ಬರನ್ನೂ ಕಡಲೆಕಾಳಿನಷ್ಟು ಡಬ್ಬಿಯೊಳಗೆ ಕೂರಿಸಿದ ಹಾಗೆ.

ಡಬ್ಬಿಯ ಒಂದು ಬದಿಯಲ್ಲಿ ಒಂದು ಎಲ್‌ಇಡಿ. ಸಾಮಾನ್ಯವಾಗಿ ಗ್ಯಾಲಿಯಂ ಆರ್ಸೆನೈಡಿನಿಂದ ಮಾಡಿದ್ದು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸೂಸುತ್ತದೆ. ಟಿವಿ ರಿಮೋಟಿನ ತುದಿಯಲ್ಲಿ ಇರುತ್ತದಲ್ಲ, ಅದೇ ಕುಲದ್ದು. ಎದುರು ಬದಿಯಲ್ಲಿ ಒಂದು ಫೋಟೋಟ್ರಾನ್ಸಿಸ್ಟರ್. ಬೆಳಕು ಬಿದ್ದರೆ ಅದು ಕರೆಂಟನ್ನು ಹರಿಯಬಿಡುತ್ತದೆ, ಬೆಳಕು ಹೆಚ್ಚಿದಷ್ಟೂ ಹೆಚ್ಚು. ಎರಡರ ನಡುವೆ ಇನ್‌ಫ್ರಾರೆಡ್ಡಿಗೆ ಪಾರದರ್ಶಕವಾದ, ಆದರೆ ವಿದ್ಯುತ್ತಿಗೆ ಗೋಡೆಯಾದ ಅಂಟು ತುಂಬಿರುತ್ತದೆ. ಹೊರಗಿನ ಬೆಳಕು ಒಳನುಗ್ಗದಂತೆ ಮೇಲೆ ಪ್ಲಾಸ್ಟಿಕ್ ಮೈ. ಚಾರ್ಜರಿನಲ್ಲಿ ಎಲ್‌ಇಡಿ ತಣ್ಣನೆ ಬದಿಯಲ್ಲಿ, ಟ್ರಾನ್ಸಿಸ್ಟರು ಬಿಸಿ ಬದಿಯಲ್ಲಿ. ವೋಲ್ಟೇಜು ಕೊಂಚ ಏರಿದರೆ ಎಲ್‌ಇಡಿ ಪ್ರಖರವಾಗುತ್ತದೆ, ಟ್ರಾನ್ಸಿಸ್ಟರು ಹೆಚ್ಚು ಹರಿಯಬಿಡುತ್ತದೆ, ಆಚೆಗಿನ ಐಸಿ ನಲ್ಲಿಯನ್ನು ತುಸು ಮುಚ್ಚುತ್ತದೆ. ಇಳಿದರೆ ಇದರ ತಿರುಗುಮುರುಗು. ನೀವು ಮಲಗಿದ್ದಾಗಲೂ ಈ ಪಿಸುಮಾತು ಎಡೆಬಿಡದೆ ನಡೆದಿರುತ್ತದೆ.

ಬಹಳ ಬಳಕೆಯಲ್ಲಿರುವ ಪಿಸಿ817 ಅನ್ನುವ ಆಪ್ಟೋವನ್ನೇ ತೆಗೆದುಕೊಳ್ಳಿ. ಅದರ ಎರಡು ಬದಿಗಳ ನಡುವೆ 5000 ವೋಲ್ಟ್ ಎಸಿ ಒಂದು ನಿಮಿಷ ಕೊಟ್ಟರೂ ತಡೆಯಬೇಕು ಅನ್ನುವುದು ಅದರ ಪರೀಕ್ಷೆ. ಹಾಗಂತ ದಿನವಿಡೀ 5000 ವೋಲ್ಟಿನಲ್ಲಿ ಇಡಬಹುದು ಅಂತ ಅರ್ಥವಲ್ಲ. ಅದು ಗಟ್ಟಿತನ ನೋಡುವ ಪರೀಕ್ಷೆ ಮಾತ್ರ. ಇನ್ನೊಂದು ಮುಖ್ಯ ಅಂಕಿ ಎಲ್‌ಇಡಿಗೆ ಕೊಟ್ಟ ಕರೆಂಟಿಗೂ ಆಚೆ ಬದಿಯಲ್ಲಿ ಸಿಗುವ ಕರೆಂಟಿಗೂ ಇರುವ ಅನುಪಾತ. 5 ಮಿಲಿಆಂಪಿಯರ್ ಕೊಟ್ಟು 5 ಮಿಲಿಆಂಪಿಯರ್ ಸಿಕ್ಕರೆ ಅದು ನೂರು ಪ್ರತಿಶತ. ಇದೇ ಪಿಸಿ817ರಲ್ಲಿ ಈ ಅನುಪಾತ 50ರಿಂದ 600 ಪ್ರತಿಶತದವರೆಗೆ ಇರಬಹುದು. ಹಾಗಾಗಿ ಹೆಸರಿನ ಮುಂದೆ ಎ, ಬಿ, ಸಿ, ಡಿ ಅಂತ ದರ್ಜೆ ಹಾಕಿ ಮಾರುತ್ತಾರೆ. ಅಂಗಡಿಯಲ್ಲಿ ಕೊಳ್ಳುವವರು ಆ ಅಕ್ಷರವನ್ನೂ ನೋಡಿಕೊಳ್ಳಬೇಕು.

ಇತಿಹಾಸವೂ ಹತ್ತಿರದ್ದೇ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಬಯರ್ಡ್ ಮತ್ತು ಪಿಟ್‌ಮನ್ ಅನ್ನುವ ಇಬ್ಬರು ಗ್ಯಾಲಿಯಂ ಆರ್ಸೆನೈಡಿನ ಇನ್‌ಫ್ರಾರೆಡ್ ಎಲ್‌ಇಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1962ರಲ್ಲಿ. ಮರುವರ್ಷವೇ, 1963ರಲ್ಲಿ, ಇಂಥ ದೀಪವನ್ನೂ ಬೆಳಕು ಗ್ರಹಿಸುವ ಅರೆವಾಹಕವನ್ನೂ ಎದುರುಬದುರು ಇಟ್ಟು ಎರಡು ಸರ್ಕ್ಯೂಟುಗಳನ್ನು ಬೇರ್ಪಡಿಸಬಹುದು ಅನ್ನುವ ವಿಚಾರ ಪೇಟೆಂಟಿಗೆ ಬಂತು. ಅಲ್ಲಿಯವರೆಗೆ ಈ ಕೆಲಸಕ್ಕೆ ಇದ್ದದ್ದು ರಿಲೇ ಮತ್ತು ಟ್ರಾನ್ಸ್‌ಫಾರ್ಮರ್. ರಿಲೇ ‘ಟಕ್’ ಅಂತ ಸದ್ದು ಮಾಡುತ್ತದೆ, ಸವೆಯುತ್ತದೆ, ನಿಧಾನ. ಟ್ರಾನ್ಸ್‌ಫಾರ್ಮರಿಗೆ ಡಿಸಿ ದಾಟಿಸಲು ಬರುವುದಿಲ್ಲ. ಬೆಳಕಿಗೆ ಈ ಎರಡು ದೋಷವೂ ಇಲ್ಲ.

ಇಲ್ಲಿಯವರೆಗೆ ಮನುಷ್ಯರ ರಕ್ಷಣೆಯ ಮಾತಾಯಿತು. ಸೂಕ್ಷ್ಮವಾದ ಸರ್ಕ್ಯೂಟುಗಳಿಗೂ ಇದೇ ರಕ್ಷಣೆ ಬೇಕು. ಅದಕ್ಕೆ ಅಪಾರ್ಟ್‌ಮೆಂಟಿನಲ್ಲಿರುವ ಎಲ್ಲರಿಗೂ ತಿಳಿಯುವ ಉದಾಹರಣೆ ನೀರಿನ ಟ್ಯಾಂಕಿನದು.

ಪುಣೆಯಲ್ಲಿ ನಮ್ಮ ಸೊಸೈಟಿ ಹನ್ನೊಂದು ಮಹಡಿಯದು. ಕೆಳಗೆ ಸಂಪ್, ಪಂಪು, ಅದನ್ನು ನಡೆಸುವ ಕಂಟ್ರೋಲ್ ಬೋರ್ಡು. ಮೇಲೆ ಟೆರೇಸಿನಲ್ಲಿ ಟ್ಯಾಂಕು, ಅದರೊಳಗೆ ನೀರು ತುಂಬಿತು ಎಂದು ಹೇಳುವ ಫ್ಲೋಟ್ ಸ್ವಿಚ್. ಆ ಸ್ವಿಚ್ಚಿನಿಂದ ಕೆಳಗಿನ ಬೋರ್ಡಿಗೆ ಉದ್ದಕ್ಕೂ ಒಂದು ತಂತಿ. ಮಳೆಗಾಲ ಬಂತೆಂದರೆ ಬೋರ್ಡು ಸುಡುವುದು ಮಾಮೂಲಾಗಿಬಿಟ್ಟಿತ್ತು. ಪ್ರತಿ ಸಲ ಸಾವಿರಾರು ರೂಪಾಯಿ ಖರ್ಚು, ಎರಡು ದಿನ ಟ್ಯಾಂಕರ್ ನೀರು. ಸೊಸೈಟಿಯ ಎಲೆಕ್ಟ್ರಿಷಿಯನ್ ವಿಜಯಪುರ ಕಡೆಯವರು. ಒಂದು ಜುಲೈನಲ್ಲಿ ಸುಟ್ಟ ಬೋರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮನೆಗೆ ಬಂದರು. “ಸರ, ಎರಡು ವರ್ಷದಾಗ ಇದು ನಾಕನೇದ್ದು ನೋಡ್ರಿ. ಕಂಪನಿಯವರು ವೋಲ್ಟೇಜ್ ಸರಿ ಇಲ್ಲ ಅಂತಾರ. ಸ್ಟೆಬಿಲೈಜರ್ ಹಾಕಿದ್ವಿ, ಆದ್ರೂ ಸುಡತೈತಿ” ಅಂದರು.

ಬೋರ್ಡಿನಲ್ಲಿ ಸುಟ್ಟಿದ್ದು ಕರೆಂಟ್ ಬರುವ ಕಡೆಯಲ್ಲ, ಫ್ಲೋಟ್ ಸ್ವಿಚ್ಚಿನ ತಂತಿ ಸೇರುವ ಕಡೆ. ಅಲ್ಲೇ ಉತ್ತರವಿತ್ತು. ಹನ್ನೊಂದು ಮಹಡಿಯ ತಂತಿ ಅಂದರೆ ಒಂದು ಒಳ್ಳೆಯ ಆಂಟೆನಾ. ಹತ್ತಿರದಲ್ಲಿ ಎಲ್ಲೋ ಸಿಡಿಲು ಹೊಡೆದರೂ, ತಂತಿಗೆ ನೇರ ತಾಗದಿದ್ದರೂ, ಅದರಲ್ಲಿ ನೂರಾರು ವೋಲ್ಟಿನ ಏಟು ಕ್ಷಣಮಾತ್ರ ಹುಟ್ಟುತ್ತದೆ. ಸಾಲದ್ದಕ್ಕೆ ಆ ತಂತಿ ಪಂಪಿನ ಕೇಬಲ್ಲಿನ ಜೊತೆಯಲ್ಲೇ ಒಂದೇ ಪೈಪಿನಲ್ಲಿ ಸಾಗಿತ್ತು. ಇಷ್ಟೆಲ್ಲ ಹೊತ್ತು ತಂದ ತಂತಿ ನೇರವಾಗಿ 5 ವೋಲ್ಟಿನ ಮೈಕ್ರೋಕಂಟ್ರೋಲರಿನ ಕಾಲಿಗೆ ಸೇರಿತ್ತು. ಸ್ಟೆಬಿಲೈಜರ್ ಮುಂಬಾಗಿಲಿನ ಕಾವಲು. ಕಳ್ಳ ಬರುತ್ತಿದ್ದದ್ದು ಹಿತ್ತಲಿಂದ.

ನಾವು ಮಾಡಿದ್ದು ಇಷ್ಟು. ಫ್ಲೋಟ್ ಸ್ವಿಚ್ಚಿಗೆ ಪ್ರತ್ಯೇಕ 24 ವೋಲ್ಟಿನ ಸಣ್ಣ ಸಪ್ಲೈ ಕೊಟ್ಟೆವು. ಸ್ವಿಚ್ಚು ಮುಚ್ಚಿದಾಗ ಕರೆಂಟು 4.7 ಕಿಲೋಓಮ್ ರೆಸಿಸ್ಟರಿನ ಮೂಲಕ ಆಪ್ಟೋವಿನ ಎಲ್‌ಇಡಿಗೆ ಹರಿಯುತ್ತದೆ. ಎಲ್‌ಇಡಿ ತನಗಾಗಿ ಸುಮಾರು 1.2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 22.8 ವೋಲ್ಟನ್ನು 4.7ರಿಂದ ಭಾಗಿಸಿದರೆ ಹೆಚ್ಚುಕಡಿಮೆ 5 ಮಿಲಿಆಂಪಿಯರ್. ಆಪ್ಟೋಗೆ ಇದು ಬೇಕಾದಷ್ಟಾಯಿತು. ತಂತಿ ಒಳಬರುವಲ್ಲಿ ಏಟನ್ನು ನುಂಗುವ ಒಂದು ಎಂಒವಿ ಇಟ್ಟೆವು. ಎಲ್‌ಇಡಿ ಉಲ್ಟಾ ವೋಲ್ಟೇಜನ್ನು 6 ವೋಲ್ಟಿನವರೆಗೆ ಮಾತ್ರ ತಡೆಯುತ್ತದೆ, ಆದ್ದರಿಂದ ಅದಕ್ಕೆ ತಿರುಗಿಸಿ ಒಂದು ಡಯೋಡು ಕೂರಿಸಿದೆವು. ಮೈಕ್ರೋಕಂಟ್ರೋಲರಿನ ಕಾಲು ಈಗ ನೋಡುವುದು ಬೆಳಕಿನಿಂದ ಎಚ್ಚರವಾಗುವ ಟ್ರಾನ್ಸಿಸ್ಟರನ್ನು ಮಾತ್ರ, ಟೆರೇಸಿನ ತಂತಿಯನ್ನಲ್ಲ.

ಆಪ್ಟೋವನ್ನು ಬೆಸುಗೆ ಹಾಕದೆ ಐಸಿ ಬೇಸಿನಲ್ಲಿ ಕೂರಿಸಲು ಹೇಳಿದೆ. ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ದೊಡ್ಡ ಸಿಡಿಲಾಯಿತು, ಪಂಪು ನಿಂತಿತು. ಎಲೆಕ್ಟ್ರಿಷಿಯನ್ ಹೋಗಿ ಆಪ್ಟೋ ಕಿತ್ತು ಬೇರೆ ಹಾಕಿದರು, ಪಂಪು ಶುರುವಾಯಿತು. “ಹತ್ತು ರೂಪಾಯಿದ್ದು ಹೋತು, ಬೋರ್ಡ್ ಉಳೀತು ಸರ” ಅಂತ ಫೋನು ಮಾಡಿ ಹೇಳಿದರು. ರಕ್ಷಣೆ ಅಂದರೆ ಇದೇ. ಆಪ್ಟೋ ಏಟನ್ನು ಮಾಯ ಮಾಡುವುದಿಲ್ಲ. ಏಟು ಗಡಿ ದಾಟದಂತೆ ನೋಡಿಕೊಳ್ಳುತ್ತದೆ, ಕೆಲವೊಮ್ಮೆ ತಾನೇ ಸುಟ್ಟು.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಪ್ರತ್ಯೇಕ ಸಪ್ಲೈ ಅಂತ ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಎರಡೂ ಬದಿಗೆ ಒಂದೇ ಸಪ್ಲೈ ಕೊಟ್ಟು, ಎರಡರ ನೆಗೆಟಿವ್ ತಂತಿಯನ್ನೂ ಒಟ್ಟಿಗೆ ಗಂಟು ಹಾಕಿದರೆ ನಡುವೆ ಆಪ್ಟೋ ಇದ್ದೂ ಇಲ್ಲದ ಹಾಗೆ. ಮುಂಬಾಗಿಲಿಗೆ ಬೀಗ ಜಡಿದು ಪಕ್ಕದ ಕಿಟಕಿ ತೆರೆದಿಟ್ಟಂತೆ. ಮಕ್ಕಳ ಸೈನ್ಸ್ ಪ್ರಾಜೆಕ್ಟಿಗೆ ಅಂತ ಆರ್ಡುಯಿನೋ ಜೊತೆ ಕೊಳ್ಳುವ ರಿಲೇ ಬೋರ್ಡುಗಳಲ್ಲಿ ಇದನ್ನು ನೋಡಬಹುದು. ಅವುಗಳ ಮೂಲೆಯಲ್ಲಿ ಜೆಡಿ-ವಿಸಿಸಿ ಅಂತ ಬರೆದ ಕಡೆ ಒಂದು ಪುಟ್ಟ ಜಂಪರ್ ಇರುತ್ತದೆ. ಅದು ಹಾಕಿಯೇ ಇದ್ದರೆ ರಿಲೇಯ ಸುರುಳಿ ಮತ್ತು ಮೈಕ್ರೋಕಂಟ್ರೋಲರ್ ಒಂದೇ ಸಪ್ಲೈ ಹಂಚಿಕೊಳ್ಳುತ್ತವೆ, ಸುರುಳಿಯ ಗದ್ದಲವೆಲ್ಲ ಹಾಗೇ ಒಳಗೆ ಬರುತ್ತದೆ. ಜಂಪರ್ ತೆಗೆದು ರಿಲೇಗೆ ಬೇರೆ ಸಪ್ಲೈ ಕೊಟ್ಟು, ನೆಗೆಟಿವ್‌ಗಳನ್ನೂ ಬೇರೆ ಬೇರೆ ಇಟ್ಟರೆ ಮಾತ್ರ ಬೋರ್ಡಿನ ಮೇಲಿನ ಆಪ್ಟೋಗೆ ಕೆಲಸ.

ಗದ್ದಲ ಅಂದಾಗ ಗಣೇಶೋತ್ಸವದ ಆರ್ಕೆಸ್ಟ್ರಾ ನೆನಪಾಗುತ್ತದೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಕೀಬೋರ್ಡು ಒಂದು ಪ್ಲಗ್ಗಿಗೆ, ಮಿಕ್ಸರ್ ಇನ್ನೊಂದಕ್ಕೆ, ಲ್ಯಾಪ್‌ಟಾಪು ಮತ್ತೊಂದಕ್ಕೆ. ಹಾಡು ಶುರುವಾಗುವ ಮೊದಲೇ ಸ್ಪೀಕರಿನಲ್ಲಿ ‘ಹೂಂ’ ಅನ್ನುವ ಶ್ರುತಿ. ಒಂದೊಂದು ಪ್ಲಗ್ಗಿನ ಅರ್ತಿಂಗ್ ಒಂದೊಂದು ಮಟ್ಟದಲ್ಲಿದ್ದಾಗ ಆ ವ್ಯತ್ಯಾಸದಿಂದ ಕೇಬಲ್ಲುಗಳ ಹೊದಿಕೆಯಲ್ಲಿ ಸುತ್ತು ಕರೆಂಟು ಹರಿಯುತ್ತದೆ, ಅದೇ ಈ ಹೂಂಕಾರ. ಬೇರೆ ಬೇರೆ ಕಂಪನಿಯ ಕೀಬೋರ್ಡುಗಳು ಮಾತಾಡಿಕೊಳ್ಳಲಿ ಅಂತ 1983ರಲ್ಲಿ ಬಂದ ಮಿಡಿ ಪದ್ಧತಿಯ ಕರ್ತೃಗಳು ಇದನ್ನು ಮೊದಲೇ ಊಹಿಸಿದ್ದರು. ಮಿಡಿ ಸಂಕೇತ ಒಳಬರುವ ಪ್ರತಿಯೊಂದು ಐದು ಪಿನ್ನಿನ ಸಾಕೆಟ್ಟಿನ ಹಿಂದೆಯೂ ಒಂದು ಆಪ್ಟೋ ಇರಲೇಬೇಕು ಅನ್ನುವುದು ಅವರ ನಿಯಮ. ಕೇಬಲ್ಲಿನಲ್ಲಿ ಹರಿಯುವುದು 5 ಮಿಲಿಆಂಪಿಯರ್, ಅದು ಹೊತ್ತಿಸುವುದು ಒಂದು ಎಲ್‌ಇಡಿಯನ್ನು. ಹೊದಿಕೆಯ ತಂತಿಯನ್ನೂ ಕಳಿಸುವ ಕಡೆ ಮಾತ್ರ ಜೋಡಿಸಬೇಕು. ಹೀಗೆ ಸ್ವರಗಳ ಸುದ್ದಿ ದಾಟಿತು, ಅರ್ತಿಂಗಿನ ಜಗಳ ದಾಟಲಿಲ್ಲ. ಈಗ ಬಹಳ ಮಂದಿ ಕೀಬೋರ್ಡನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಾರೆ. ಮಾಮೂಲಿ ಯುಎಸ್‌ಬಿಯಲ್ಲಿ ತಾಮ್ರ ತಾಮ್ರಕ್ಕೇ ಸೇರುತ್ತದೆ, ಈ ಬೇರ್ಪಡೆ ಇಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಸ್ಪೀಕರಿನ ಗೊರಗೊರ ನಿಲ್ಲುವುದನ್ನು ಅನೇಕರು ಕಂಡಿರಬಹುದು. ಕಾರಣ ಇದೇ.

ಅದೇ ಪೆಂಡಾಲಿನ ಓಡುವ ದೀಪಗಳ ಸೀರಿಯಲ್ ಸೆಟ್ಟಿನಲ್ಲೂ ನೋಡಿ. ದೀಪ ಉರಿಯುವುದು 230 ವೋಲ್ಟಿನಲ್ಲಿ, ಯಾವಾಗ ಯಾವುದು ಉರಿಯಬೇಕು ಅಂತ ತೀರ್ಮಾನಿಸುವ ಚಿಪ್ಪು 5 ವೋಲ್ಟಿನದು. ನ್ಯಾಯವಾಗಿ ಮಾಡಿದ ಕಂಟ್ರೋಲರಿನಲ್ಲಿ ನಡುವೆ ಎಂಒಸಿ3021 ಥರದ ಆಪ್ಟೋ ಇರುತ್ತದೆ. ಇದರಲ್ಲಿ ಟ್ರಾನ್ಸಿಸ್ಟರಿನ ಬದಲು ಬೆಳಕಿಗೆ ತೆರೆದುಕೊಳ್ಳುವ ಟ್ರಯಾಕ್ ಇರುತ್ತದೆ. ಎಂಒಸಿ3041 ಅನ್ನುವ ತಮ್ಮ ಇನ್ನೂ ಜಾಣ. ಎಸಿ ಅಲೆ ಸೊನ್ನೆಯ ಹತ್ತಿರ ಬರುವವರೆಗೆ ಕಾದು ಆಮೇಲೆ ಸ್ವಿಚ್ ಹಾಕುತ್ತದೆ, ಆದ್ದರಿಂದ ಗದ್ದಲವೂ ಕಡಿಮೆ.

ಇದೆಲ್ಲಕ್ಕಿಂತ ನಾಜೂಕಾದ ಜಾಗ ಆಸ್ಪತ್ರೆಯ ಐಸಿಯು. ಇಸಿಜಿ ಯಂತ್ರ ಎದೆಯ ಮೇಲೆ ಅಂಟಿಸಿದ ಬಿಲ್ಲೆಗಳಿಂದ ಹಿಡಿಯುವ ಸಂಕೇತ ಸುಮಾರು 1 ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರದ ಒಂದು ಭಾಗ. ಆ ಯಂತ್ರದ ಇನ್ನೊಂದು ತುದಿ 230 ವೋಲ್ಟಿನ ಗೋಡೆಯಲ್ಲಿ. ಚರ್ಮದ ಮೂಲಕ ಹೋಗುವ ಕರೆಂಟು ಹೃದಯದ ಲಯ ಕೆಡಿಸಲು ಹತ್ತಾರು ಮಿಲಿಆಂಪಿಯರ್ ಬೇಕು. ಆದರೆ ಹೃದಯದೊಳಗೇ ತಂತಿ ಅಥವಾ ಕ್ಯಾಥೆಟರ್ ಇರುವ ರೋಗಿಗೆ ಅದರ ಸಾವಿರದ ಒಂದು ಪಾಲು ಕರೆಂಟೇ ಮಾರಕವಾಗಬಹುದು. ಹಾಗಾಗಿ ಹೃದಯಕ್ಕೆ ನೇರವಾಗಿ ಜೋಡಿಸುವ ಉಪಕರಣದಿಂದ ರೋಗಿಗೆ ಸೋರುವ ಕರೆಂಟು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್ ದಾಟಬಾರದು ಅನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ರೋಗಿಯ ಕಡೆಯ ಸರ್ಕ್ಯೂಟನ್ನು ದ್ವೀಪದ ಹಾಗೆ ಬೇರೆ ಮಾಡಿ, ಹೃದಯದ ಸುದ್ದಿಯನ್ನು ಬೆಳಕಿನ ಮೂಲಕವೋ ಅದೇ ಕೆಲಸ ಮಾಡುವ ಬೇರೆ ಐಸೋಲೇಟರ್ ಮೂಲಕವೋ ದಾಟಿಸುವುದು ಇದಕ್ಕಾಗಿ. ಮುಂದಿನ ಸಲ ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದಾಗ ಮಾನಿಟರಿನ ಸಾಕೆಟ್ಟಿನ ಪಕ್ಕ ಗಮನಿಸಿ. ಒಂದು ಚೌಕ, ಅದರೊಳಗೆ ಪುಟ್ಟ ಹೃದಯದ ಚಿತ್ರ ಇದ್ದರೆ ಆ ಸಾಕೆಟ್ಟು ಈ ದರ್ಜೆಯದು ಅಂತ ಅರ್ಥ. ಅದರ ಎರಡೂ ಪಕ್ಕ ಪ್ಯಾಡಲಿನಂತೆ ಗುರುತಿದ್ದರೆ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರಿನ ಸಾವಿರಾರು ವೋಲ್ಟಿನ ಏಟನ್ನೂ ತಡೆಯುತ್ತದೆ ಅಂತ.

ದೊಡ್ಡ ಪ್ರಮಾಣದಲ್ಲಿ ಇದೇ ತತ್ವ ನೋಡಬೇಕಾದರೆ ನಮ್ಮ ಕೋಲಾರಕ್ಕೆ ಹೋಗಬೇಕು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಿಂದ 500 ಕಿಲೋವೋಲ್ಟಿನ ಡಿಸಿ ಮಾರ್ಗದಲ್ಲಿ ವಿದ್ಯುತ್ ಬರುತ್ತಿದೆ. ಅಂಥ ಕೇಂದ್ರಗಳಲ್ಲಿ ಡಿಸಿಯನ್ನು ಎಸಿ ಮಾಡುವ ಥೈರಿಸ್ಟರುಗಳು ಲಕ್ಷಾಂತರ ವೋಲ್ಟಿನಲ್ಲಿ ಕೂತಿರುತ್ತವೆ, ಅವುಗಳಿಗೆ ಅಪ್ಪಣೆ ಕೊಡುವ ಕಂಪ್ಯೂಟರು ನೆಲದ ಮಟ್ಟದಲ್ಲಿರುತ್ತದೆ. ಅಪ್ಪಣೆ ಹೋಗುವುದು ಗಾಜಿನ ತಂತುವಿನೊಳಗಿನ ಬೆಳಕಾಗಿ. ಕಡಲೆಕಾಳಿನಲ್ಲಿ ಅರ್ಧ ಮಿಲಿಮೀಟರ್ ಇದ್ದ ಅಂತರ ಅಲ್ಲಿ ಮೀಟರುಗಳಾಗಿದೆ, ಅಷ್ಟೇ ವ್ಯತ್ಯಾಸ.

ಈ ಅಂತರವೇ ಎಲ್ಲಕ್ಕೂ ಜೀವಾಳ. ಈಗ ಶುರುವಿನ ‘ನ್ಯಾಯವಾಗಿ’ ಅನ್ನುವ ಮಾತಿಗೆ ಬರೋಣ. ಆಪ್ಟೋವಿನ ಒಳಗಿನ ಗೋಡೆ ಎಷ್ಟೇ ಗಟ್ಟಿಯಿದ್ದರೂ ಹೊರಗೆ ಬೋರ್ಡಿನ ಮೈಮೇಲೆ ಕರೆಂಟು ತೆವಳಿಕೊಂಡು ಬರಬಹುದು. 230 ವೋಲ್ಟಿನ ಚಾರ್ಜರಿನಲ್ಲಿ ಬಿಸಿ ಬದಿಯ ತಾಮ್ರಕ್ಕೂ ತಣ್ಣನೆ ಬದಿಯ ತಾಮ್ರಕ್ಕೂ ಮೈಮೇಲಿನ ದಾರಿ ಐದಾರು ಮಿಲಿಮೀಟರಾದರೂ ಇರಬೇಕು. ಒಳ್ಳೆಯ ತಯಾರಕರು ಆಪ್ಟೋವಿನ ಹೊಟ್ಟೆಯ ಕೆಳಗೆ ಬೋರ್ಡನ್ನೇ ಕೊರೆದು ಒಂದು ಸೀಳು ಬಿಟ್ಟಿರುತ್ತಾರೆ, ಧೂಳು ಕೂತು ಸೇತುವೆ ಕಟ್ಟದಿರಲಿ ಅಂತ. ಮುಂಬೈ, ಚೆನ್ನೈಗಳಲ್ಲಿ ಇರುವವರಿಗೆ ಇದು ಇನ್ನೂ ಮುಖ್ಯ. ಧೂಳಿಗೆ ಸಮುದ್ರದ ಉಪ್ಪು ಗಾಳಿ, ಮಳೆಗಾಲದ ತೇವ ಸೇರಿದರೆ ಆ ಪದರ ಕರೆಂಟಿಗೆ ಕಾಲುದಾರಿಯಾಗುತ್ತದೆ.

ರೈಲಿನಲ್ಲಿ, ಫುಟ್‌ಪಾತಿನಲ್ಲಿ ಸಿಗುವ ಅಗ್ಗದ ನಕಲಿ ಚಾರ್ಜರುಗಳಲ್ಲಿ ಹಣ ಉಳಿಸುವುದು ಈ ಗಡಿಯ ಮೇಲೆಯೇ. ಅಂತರ ಒಂದು ಮಿಲಿಮೀಟರಿಗೂ ಕಡಿಮೆ, ಸೀಳು ಇಲ್ಲ, ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವೆ ಸುತ್ತಬೇಕಾದ ಟೇಪು ಅರೆಬರೆ. ಚಾರ್ಜು ಮಾತ್ರ ಚೆನ್ನಾಗೇ ಆಗುತ್ತಿರುತ್ತದೆ. ಫೋನು ತುಂಬಿತು ಅನ್ನುವುದು ಗಡಿ ಗಟ್ಟಿಯಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಇನ್ನೊಂದು ಮಾತು ಸೇರಿಸಬೇಕು. ಈಗಿನ ಅನೇಕ ಸಣ್ಣ ಚಾರ್ಜರುಗಳು ಟ್ರಾನ್ಸ್‌ಫಾರ್ಮರಿನ ಬಿಸಿ ಬದಿಯಿಂದಲೇ ವೋಲ್ಟೇಜನ್ನು ಅಂದಾಜು ಮಾಡುತ್ತವೆ, ಅವುಗಳಲ್ಲಿ ಆಪ್ಟೋ ಇರುವುದಿಲ್ಲ. ಅದು ಮೋಸವಲ್ಲ, ಬೇರೆ ವಿಧಾನ. ಆಪ್ಟೋ ಇಲ್ಲದಿದ್ದರೂ ಗಡಿ ಇರಲೇಬೇಕು.

ಹಾಗಾದರೆ ಲ್ಯಾಪ್‌ಟಾಪಿನ ಆ ಜುಮು ಜುಮು? ಗದ್ದಲ ಅಡಗಿಸಲು ಎರಡು ಬದಿಗಳ ನಡುವೆ ಬೇಕೆಂದೇ ಹಾಕುವ ಒಂದು ಪುಟ್ಟ ಕೆಪಾಸಿಟರ್ ಇದೆ, ವೈ ಕೆಪಾಸಿಟರ್ ಅಂತ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅದರ ಮೂಲಕ ತೀರಾ ಸಣ್ಣ ಕರೆಂಟು ಸೋರುತ್ತದೆ. ಇದಕ್ಕೆ ಮಾನದಂಡ ಮಿತಿ ಹಾಕಿದೆ. ಬೆರಳಿಗೆ ತಿಳಿಯುತ್ತದೆ, ಹಾನಿ ಮಾಡುವುದಿಲ್ಲ. ಅರ್ತ್ ಇರುವ ಮೂರು ಪಿನ್ನಿನ ಕೇಬಲ್ ಹಾಕಿದರೆ, ಗೋಡೆಯಲ್ಲಿ ಅರ್ತಿಂಗ್ ನಿಜವಾಗಿಯೂ ಇದ್ದರೆ, ಅದೂ ನಿಲ್ಲುತ್ತದೆ. ನಿಜವಾದ ವೈ ಕೆಪಾಸಿಟರನ್ನು ಕೆಟ್ಟರೂ ಶಾರ್ಟ್ ಆಗದಂತೆ ಮಾಡಿರುತ್ತಾರೆ. ನಕಲಿ ಚಾರ್ಜರಿನಲ್ಲಿ ಆ ಜಾಗದಲ್ಲಿ ಸಾಮಾನ್ಯ ಕೆಪಾಸಿಟರ್ ಹಾಕಿದ್ದರೆ, ಅದು ಶಾರ್ಟ್ ಆದ ದಿನ ಆಪ್ಟೋವಿನ ಕಾವಲೆಲ್ಲ ವ್ಯರ್ಥ.

ಆದ್ದರಿಂದ ಮನೆಗೆ ಅನ್ವಯಿಸುವ ನಾಲ್ಕು ಮಾತು. ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, ಅದರ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ. ಚೌಕದೊಳಗೆ ಚೌಕದ ಚಿತ್ರವಿದ್ದರೆ ಅದು ಎರಡು ಪದರ ರಕ್ಷಣೆಯ ಗುರುತು. ನಕಲಿ ಮಾಲಿನಲ್ಲೂ ಇದನ್ನು ಅಚ್ಚು ಹಾಕಬಹುದು, ಹಾಗಾಗಿ ಸಂಖ್ಯೆ ಪರೀಕ್ಷಿಸುವುದೇ ಮೇಲು. ಎರಡನೆಯದು, ಜುಮು ಜುಮು ಹೋಗಿ ‘ಫಟ್’ ಅಂತ ಹೊಡೆದರೆ ಆ ಚಾರ್ಜರನ್ನು ಆ ಕ್ಷಣವೇ ಕಸಕ್ಕೆ ಹಾಕಿ, ಇನ್ನೊಬ್ಬರಿಗೆ ಕೊಡಬೇಡಿ. ಮೂರನೆಯದು, ಕುತೂಹಲಕ್ಕೂ ಚಾರ್ಜರ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟ್ ಕೆಲ ಹೊತ್ತು ಉಳಿದಿರುತ್ತದೆ. ನಾಲ್ಕನೆಯದು, ಸೊಸೈಟಿಯಲ್ಲಿ ಲಿಫ್ಟು, ಪಂಪು, ಗೇಟಿನ ಬೋರ್ಡು ಪದೇ ಪದೇ ಸುಡುತ್ತಿದ್ದರೆ ಹೊರಗಿಂದ ಬರುವ ಉದ್ದ ತಂತಿಗಳಿಗೆ ಐಸೋಲೇಷನ್ ಇದೆಯೇ ಎಂದು ಕೇಳಿ. ಸೊಸೈಟಿಯ ಮೀಟಿಂಗಿನಲ್ಲಿ ಕೇಳಲು ಇದಕ್ಕಿಂತ ಲಾಭದ ಪ್ರಶ್ನೆ ಇಲ್ಲ.

ಆಪ್ಟೋಗೂ ಮುಪ್ಪಿದೆ. ಎಲ್‌ಇಡಿ ವರ್ಷಗಟ್ಟಲೆ ಉರಿದು ಮಂಕಾಗುತ್ತದೆ, ಶಾಖ ಹೆಚ್ಚಿದ್ದರೆ ಬೇಗ. ಅದಕ್ಕೇ ಬೆಳಕು ಅರ್ಧಕ್ಕಿಳಿದರೂ ಕೆಲಸ ನಡೆಯುವಂತೆ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತೇವೆ. ಪಿಸಿ817ರಂಥ ಮಾಮೂಲಿ ಆಪ್ಟೋ ನಿಧಾನ. ವೇಗದ ಕೆಲಸಕ್ಕೆ ಸೆಕೆಂಡಿಗೆ ಒಂದು ಕೋಟಿ ಬಿಟ್ ದಾಟಿಸುವ 6ಎನ್137 ಥರದವು ಇವೆ. ಈಗ ಬೆಳಕಿನ ಬದಲು ಸೂಕ್ಷ್ಮ ಸುರುಳಿ, ಸೂಕ್ಷ್ಮ ಕೆಪಾಸಿಟರ್ ಬಳಸುವ ಡಿಜಿಟಲ್ ಐಸೋಲೇಟರುಗಳೂ ಬಂದಿವೆ, ನನ್ನ ಹೊಸ ಬೋರ್ಡುಗಳಲ್ಲಿ ಅವೂ ಇರುತ್ತವೆ. ಆದರೆ ಮಂಕಾದ ಆಪ್ಟೋ ಸುದ್ದಿ ಹೇಳುವುದನ್ನು ನಿಲ್ಲಿಸಬಹುದು, ಒಳಗಿನ ಗೋಡೆ ಮಾತ್ರ ಹಾಗೇ ನಿಂತಿರುತ್ತದೆ. ಪಂಪು ನಿಲ್ಲಬಹುದು, ಮನುಷ್ಯನಿಗೆ ಹೊಡೆಯುವುದಿಲ್ಲ. ಕೆಡುವುದಾದರೆ ಹೀಗೆ ಕೆಡಬೇಕು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ.

ಇಷ್ಟೆಲ್ಲ ಕಾವಲನ್ನೂ ದಾಟಿ ಕರೆಂಟು ಮೈಗೆ ಬಂದೇಬಿಟ್ಟರೆ, ಕೊನೆಯ ಆಸರೆ ಮನೆಯ ಡಿಬಿ ಬಾಕ್ಸಿನಲ್ಲಿರುವ ಆರ್‌ಸಿಸಿಬಿ. ಅದರ ಮೇಲೆ 30 ಮಿಲಿಆಂಪಿಯರ್ ಅಂತ ಬರೆದಿದೆಯೇ, ‘ಟಿ’ ಅಂತ ಬರೆದ ಗುಂಡಿ ಒತ್ತಿದರೆ ಅದು ಬೀಳುತ್ತದೆಯೇ ಎಂದು ಈ ವಾರ ಒಮ್ಮೆ ನೋಡಿ ಇಡಿ. ಬಾಡಿಗೆ ಮನೆಯಾದರೂ ಸರಿ. ಮುಂದಿನ ತಿಂಗಳು ಅದರ ಬಗ್ಗೆಯೇ ಮಾತಾಡೋಣ.